ಕ್ರೂಸ್‌ನಲ್ಲಿ ಸೂಟ್‌ಕೇಸ್ ಒಡೆದರೆ ಯಾರನ್ನು ಕೇಳಬೇಕು? ಹಡಗು, ವಿಮಾನ, ಇನ್ಶೂರೆನ್ಸ್, ರಿಪೇರಿ: ಒಂದು ಹೋಲಿಕೆ

ಸಂಜೆ ಏಳರ ಹೊತ್ತಿಗೆ ಕ್ಯಾಬಿನ್ ಬಾಗಿಲು ತೆಗೆದೆ. ಅಮ್ಮನ ಸೂಟ್‌ಕೇಸ್ ಹೊರಗೆ ಗೋಡೆಗೆ ಒರಗಿ, ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಬಗ್ಗಿ ನೋಡಿದರೆ ಒಂದು ಚಕ್ರವೇ ಇಲ್ಲ. ಬರೀ ಚಕ್ರ ಹೋಗಿದ್ದರೆ ಹೇಗೋ ಆಗುತ್ತಿತ್ತು. ಚಕ್ರ ಕೂತಿದ್ದ ಪ್ಲಾಸ್ಟಿಕ್ ಬಟ್ಟಲೂ ಕಿತ್ತುಹೋಗಿ, ಅಲ್ಲೊಂದು ಮುಷ್ಟಿ ಗಾತ್ರದ ತೂತು ಬಿದ್ದಿತ್ತು. ಮಂಡಿನೋವಿಗೆ ಅಂತ ಅಮ್ಮ ತಂದಿದ್ದ ಮಹಾನಾರಾಯಣ ತೈಲದ ಬಾಟಲಿ ಒಳಗೆ ಒಡೆದಿತ್ತು. ಎಣ್ಣೆ ಆ ತೂತಿನಿಂದ ಕಾರ್ಪೆಟ್ ಮೇಲೆ ತೊಟ್ಟಿಕ್ಕುತ್ತಿತ್ತು. ಮರುದಿನ ರಾತ್ರಿಯ ಊಟಕ್ಕೆ ಉಡೋಣ ಅಂತ ಮಡಿಸಿಟ್ಟಿದ್ದ ಮೈಸೂರು ಸಿಲ್ಕ್ ಸೀರೆಯ ಸೆರಗಿನವರೆಗೂ ಏರಿತ್ತು.

ಹಿಂದಿನ ರಾತ್ರಿ ಬೆಂಗಳೂರು ಬಿಟ್ಟಿದ್ದೆವು. ಬೆಳಗ್ಗೆ ಸಿಂಗಾಪುರದಲ್ಲಿ ಇಳಿದು, ಮಧ್ಯಾಹ್ನ ಹಡಗು ಹತ್ತಿದ್ದೆವು. ಹಡಗಿನ ಕೌಂಟರ್‌ಗೆ ಹೋದೆ. "ವಿಮಾನದಲ್ಲಿ ಆಗಿರಬಹುದು" ಅಂದರು. ಊರಿಗೆ ಬಂದು ವಿಮಾನ ಕಂಪನಿಗೆ ಬರೆದೆ. "ಅವತ್ತೇ ಏರ್‌ಪೋರ್ಟ್‌ನಲ್ಲಿ ದೂರು ಕೊಟ್ಟಿಲ್ಲವಲ್ಲ" ಅಂದರು. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. "ಬ್ಯಾಗ್ ಪೂರ್ತಿ ಕಳೆದುಹೋದರೆ ಮಾತ್ರ ಸರ್" ಅಂದರು. ಏರ್‌ಪೋರ್ಟ್ ಬೆಲ್ಟ್‌ನಿಂದ ನಾನೇ ಎತ್ತಿಕೊಂಡಾಗ ನಾಲ್ಕೂ ಚಕ್ರ ಇದ್ದವು. ಟ್ಯಾಕ್ಸಿವರೆಗೆ ಉರುಳಿಸಿಕೊಂಡೇ ಹೋಗಿದ್ದೆ. ಆದರೆ ಅದನ್ನು ತೋರಿಸಲು ನನ್ನ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ.

ಸೀರೆಯನ್ನು ಹಡಗಿನವರು ದುಡ್ಡು ತೆಗೆದುಕೊಳ್ಳದೆ ಒಗೆಸಿಕೊಟ್ಟರು. ಕಲೆ ಪೂರ್ತಿ ಹೋಗಲಿಲ್ಲ. "ಹೋಗ್ಲಿ ಬಿಡೋ, ಸೀರೆ ತಾನೇ" ಅಂದರು ಅಮ್ಮ. ಆ ರಾತ್ರಿ ಚೂಡಿದಾರದಲ್ಲೇ ಊಟಕ್ಕೆ ಬಂದರು. ನನಗೆ ಅದು ಇವತ್ತಿಗೂ ಮರೆತಿಲ್ಲ. ಊರಿಗೆ ಬಂದ ಮೇಲೆ ಟಿಕೆಟ್‌ನ ಷರತ್ತು, ಪಾಲಿಸಿ ಪುಸ್ತಕ, ಅಂತರರಾಷ್ಟ್ರೀಯ ಒಪ್ಪಂದ ಎಲ್ಲ ಕೂತು ಓದಿದೆ. ಓದಿದ್ದನ್ನು, ಅದರ ಮೇಲೆ ನನಗನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗುವವರಿಗೆ, ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ ಅಲ್ಲಿಂದ ಅಲಾಸ್ಕಾಗೋ ಕೆರಿಬಿಯನ್‌ಗೋ ಹೊರಡುವವರಿಗೆ ಬೇಕಾಗುತ್ತದೆ.

ಬ್ಯಾಗ್ ಎಷ್ಟು ಕೈ ದಾಟುತ್ತದೆ

ಬರೀ ವಿಮಾನ ಪ್ರಯಾಣದಲ್ಲಿ ಬ್ಯಾಗ್ ಒಡೆದರೆ ಯಾರನ್ನು ಕೇಳಬೇಕು ಅನ್ನುವ ಗೊಂದಲ ಇಲ್ಲ. ಕ್ರೂಸ್‌ನಲ್ಲಿ ಗೊಂದಲವೇ ಜಾಸ್ತಿ. ಬೆಂಗಳೂರಿನ ಚೆಕ್‌ಇನ್ ಬೆಲ್ಟ್, ಲೋಡರ್‌ಗಳು, ವಿಮಾನದ ಹೊಟ್ಟೆ, ಇಳಿದ ಊರಿನ ಬೆಲ್ಟ್, ಟ್ಯಾಕ್ಸಿ ಡಿಕ್ಕಿ. ಅಷ್ಟು ದಾಟಿ ಬಂದರಿನ ಬಾಗಿಲಿಗೆ ಬಂದರೆ ಅಲ್ಲಿ ಪೋರ್ಟರ್ ನಿಂತಿರುತ್ತಾರೆ. ಹಿಡಿಗೆ ಕಾಗದದ ಟ್ಯಾಗ್ ಸುತ್ತಿ ಸ್ಟೇಪ್ಲರ್ ಹೊಡೆದು, ಬ್ಯಾಗನ್ನು ಕಬ್ಬಿಣದ ಜಾಲರಿ ಗಾಡಿಗೆ ಎಸೆಯುತ್ತಾರೆ. ಅಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಎಕ್ಸ್‌ರೇ ಆಗುತ್ತದೆ. ಫೋರ್ಕ್‌ಲಿಫ್ಟ್ ಆ ಗಾಡಿಯನ್ನೇ ಎತ್ತಿ ಹಡಗಿನೊಳಗೆ ಇಡುತ್ತದೆ. ಅಲ್ಲಿಂದ ಸಿಬ್ಬಂದಿಯ ಲಿಫ್ಟ್, ಉದ್ದನೆಯ ಕಾರಿಡಾರ್, ನಿಮ್ಮ ಕ್ಯಾಬಿನ್ ಬಾಗಿಲು. ನೀವು ಮಧ್ಯಾಹ್ನ ಒಂದಕ್ಕೆ ಹತ್ತಿದರೂ ಬ್ಯಾಗ್ ಬರುವುದು ಸಂಜೆ ಆರು, ಏಳು.

ಬಂದರಿನ ಪೋರ್ಟರ್ ಹಡಗಿನ ಕಂಪನಿಯ ನೌಕರನೇ ಆಗಿರಬೇಕೆಂದಿಲ್ಲ. ಅನೇಕ ಬಂದರುಗಳಲ್ಲಿ ಅವರು ಬೇರೆ ಸಂಸ್ಥೆಯ ಕೆಲಸಗಾರರು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ವಿಮಾನದಲ್ಲಿ ಬ್ಯಾಗ್ ಕೊಟ್ಟರೆ ನಿಮ್ಮ ಕೈಗೆ ನಂಬರ್ ಇರುವ ಚೀಟಿ ಬರುತ್ತದೆ. ಕ್ರೂಸ್‌ನಲ್ಲಿ ಸಾಮಾನ್ಯವಾಗಿ ಯಾವ ರಸೀದಿಯೂ ಇಲ್ಲ. ಟ್ಯಾಗ್ ಬ್ಯಾಗಿನ ಜೊತೆಗೇ ಹೋಗುತ್ತದೆ. ಅಂದರೆ ಬ್ಯಾಗ್ ಒಳ್ಳೆ ಸ್ಥಿತಿಯಲ್ಲಿ ಅವರ ಕೈ ಸೇರಿತು ಅನ್ನುವುದಕ್ಕೆ ನೀವೇ ಸಾಕ್ಷಿ ಮಾಡಿಕೊಳ್ಳಬೇಕು.

ಹಾಗಾಗಿ ಕೆಳಗೆ ಹೇಳುವ ದಾರಿಗಳಲ್ಲಿ ಯಾವುದನ್ನು ಹಿಡಿದರೂ ಎರಡು ಪ್ರಶ್ನೆ ಎದುರಾಗುತ್ತವೆ. ಒಡೆದಾಗ ಬ್ಯಾಗ್ ಯಾರ ಕೈಯಲ್ಲಿತ್ತು? ಅವರ ಬಾಗಿಲು ದಾಟುವ ಮೊದಲು ನೀವು ಬಾಯಿಬಿಟ್ಟಿರಾ?

ಮೊದಲ ದಾರಿ: ಹಡಗಿನ ಕೌಂಟರ್ (ಗೆಸ್ಟ್ ಸರ್ವಿಸಸ್)

ಕ್ಯಾಬಿನ್ ಬಾಗಿಲಲ್ಲೇ ಒಡೆದ ಬ್ಯಾಗ್ ಕಂಡರೆ ಇದೇ ಮೊದಲ ದಾರಿ. ಅದೂ ಆವತ್ತೇ ರಾತ್ರಿ. ನಾಳೆ ನೋಡೋಣ ಅಂದುಕೊಂಡರೆ "ಕ್ಯಾಬಿನ್ ಒಳಗೆ ನೀವೇ ಬೀಳಿಸಿದ್ದಿರಬಹುದು" ಅನ್ನಲು ಅವರಿಗೆ ಅವಕಾಶ ಸಿಗುತ್ತದೆ.

ಹಡಗಿನ ಕಂಪನಿ ಎಷ್ಟು ಕೊಡಬೇಕು ಅನ್ನುವುದು ನೀವು ಯಾವ ಊರಿಂದ ಹೊರಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಬಾರ್ಸಿಲೋನಾದಿಂದಲೋ, ರೋಮ್ ಹತ್ತಿರದ ಚಿವಿತಾವೆಕ್ಕಿಯಾದಿಂದಲೋ ಹೊರಟರೆ ನಿಮ್ಮ ಕೈ ಮೇಲಿದೆ. ಹಡಗಿನ ಪ್ರಯಾಣಿಕರಿಗೆ, ಅವರ ಸಾಮಾನಿಗೆ ಹಾನಿಯಾದರೆ ಯಾರು ಹೊಣೆ ಅಂತ ಹೇಳುವ ಅಥೆನ್ಸ್ ಒಪ್ಪಂದ ಅಂತ ಒಂದಿದೆ. 1974ರಲ್ಲಿ ಆಗಿದ್ದು, 2002ರಲ್ಲಿ ತಿದ್ದಿದ್ದು. ಯುರೋಪಿಯನ್ ಯೂನಿಯನ್ ಇದನ್ನು ತನ್ನ 392/2009 ನಿಯಮದ ಮೂಲಕ 2012ರ ಡಿಸೆಂಬರ್ 31ರಿಂದ ಜಾರಿಗೆ ತಂದಿದೆ. ಅದರ ಪ್ರಕಾರ ಕ್ಯಾಬಿನ್ ಸಾಮಾನಿಗೆ ಒಬ್ಬ ಪ್ರಯಾಣಿಕರಿಗೆ 2,250 ಎಸ್‌ಡಿಆರ್‌ವರೆಗೆ, ಹಡಗಿನವರ ವಶಕ್ಕೆ ಕೊಟ್ಟ ಸಾಮಾನಿಗೆ 3,375 ಎಸ್‌ಡಿಆರ್‌ವರೆಗೆ ಪರಿಹಾರ ಸಿಗಬಹುದು. ಎಸ್‌ಡಿಆರ್ ಅನ್ನುವುದು ಐಎಂಎಫ್‌ನ ಲೆಕ್ಕದ ಹಣ. ಒಂದು ಎಸ್‌ಡಿಆರ್ ನೂರು ರೂಪಾಯಿಗಿಂತ ಜಾಸ್ತಿ ಅಂತ ಇಟ್ಟುಕೊಳ್ಳಿ. ಇದು ಗರಿಷ್ಠ ಮಿತಿ ಅನ್ನುವುದು ನೆನಪಿರಲಿ. ನಿಮಗಾದ ನಷ್ಟ ಎಷ್ಟೋ ಅಷ್ಟೇ ಸಿಗುವುದು.

ಈ ಒಪ್ಪಂದದಲ್ಲಿ ನನಗೆ ತುಂಬ ಉಪಯುಕ್ತ ಅನ್ನಿಸಿದ ಮಾತು ಬೇರೆ. ಬ್ಯಾಗ್ ಅವರ ವಶದಲ್ಲಿದ್ದಾಗ ಒಡೆದರೆ, ತಪ್ಪು ತಮ್ಮದಲ್ಲ ಅಂತ ತೋರಿಸುವ ಹೊಣೆ ಅವರದು. ಬ್ಯಾಗ್ ನಿಮ್ಮ ಕ್ಯಾಬಿನ್‌ನಲ್ಲಿದ್ದಾಗ ಹಾಳಾದರೆ, ತಪ್ಪು ಅವರದು ಅಂತ ತೋರಿಸುವ ಹೊಣೆ ಸಾಮಾನ್ಯವಾಗಿ ನಿಮ್ಮದು. ಹಡಗು ಮುಳುಗಿತು, ಡಿಕ್ಕಿಯಾಯಿತು, ಬೆಂಕಿ ಬಿತ್ತು ಅನ್ನುವಂಥ ಸಂದರ್ಭ ಬೇರೆ. ಅದಕ್ಕೇ ಕಾರಿಡಾರ್‌ನಲ್ಲಿ ಇರುವಾಗಲೇ, ಒಳಗೆ ಎಳೆದುಕೊಳ್ಳುವ ಮೊದಲೇ, ಬಾಗಿಲ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ ಅನ್ನುತ್ತೇನೆ. ನಾನು ಮೊದಲು ಬ್ಯಾಗ್ ಒಳಗೆ ತಂದು, ಎಣ್ಣೆ ಒರೆಸಿ, ಸೀರೆ ನೆನೆಹಾಕಿ, ಆಮೇಲೆ ಕೌಂಟರ್‌ಗೆ ಹೋಗಿದ್ದೆ.

ಗಡುವು ಕೂಡ ಅಲ್ಲೇ ಬರೆದಿದೆ. ಕಣ್ಣಿಗೆ ಕಾಣುವ ಹಾನಿಯಾದರೆ, ವಶಕ್ಕೆ ಕೊಟ್ಟ ಬ್ಯಾಗ್ ವಾಪಸ್ ಪಡೆಯುವಾಗಲೇ ಬರೆದುಕೊಡಬೇಕು. ಕ್ಯಾಬಿನ್ ಸಾಮಾನಾದರೆ ಹಡಗಿನಿಂದ ಇಳಿಯುವ ಮೊದಲು ಅಥವಾ ಇಳಿಯುವಾಗ. ಹೊರಗೆ ಕಾಣದ ಹಾನಿಗೆ 15 ದಿನ. ಇದನ್ನು ತಪ್ಪಿಸಿದರೆ ಬ್ಯಾಗ್ ಸರಿಯಾಗಿಯೇ ನಿಮ್ಮ ಕೈ ಸೇರಿತು ಅಂತ ಅರ್ಥ. ಅಲ್ಲ ಅಂತ ಸಾಬೀತು ಮಾಡುವ ಕಷ್ಟ ನಿಮಗೆ.

ಒಡವೆ, ನಗದು ವಿಷಯದಲ್ಲಿ ಒಪ್ಪಂದ ತುಂಬ ಬಿಗಿ. ಹಡಗಿನವರ ಹತ್ತಿರ ಜೋಪಾನಕ್ಕೆ ಅಂತ ಒಪ್ಪಿಸಿ ಇಟ್ಟಿದ್ದರೆ ಮಾತ್ರ ಅವರು ಹೊಣೆ. ಸೂಟ್‌ಕೇಸ್‌ನಲ್ಲಿ ಸೀರೆ ಮಡಿಕೆಯೊಳಗೆ ಬಳೆ, ಸರ ಸುತ್ತಿಡುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ, ಅಲ್ವಾ? ದಯವಿಟ್ಟು ಬಿಟ್ಟುಬಿಡಿ. ಕೈಚೀಲದಲ್ಲೇ ಇರಲಿ.

ವ್ಹೀಲ್‌ಚೇರ್, ವಾಕರ್ ಇದ್ದವರಿಗೆ ಒಂದು ಒಳ್ಳೆಯ ಸುದ್ದಿ. ಯುರೋಪಿನ ಅದೇ ನಿಯಮದಲ್ಲಿ ಇಂಥ ಸಲಕರಣೆ ಹಾಳಾದರೆ ಹೊಸದರ ಬೆಲೆ ಇಲ್ಲವೇ ರಿಪೇರಿಯ ಖರ್ಚು ಕೊಡಬೇಕು ಅಂತಿದೆ.

ಅಮೆರಿಕದ ಬಂದರುಗಳಿಂದ ಹೊರಡುವ ಕ್ರೂಸ್‌ಗಳ ಕಥೆ ಬೇರೆ. ಅಮೆರಿಕ ಅಥೆನ್ಸ್ ಒಪ್ಪಂದಕ್ಕೆ ಸೇರಿಲ್ಲ. ಅಲ್ಲಿ ಟಿಕೆಟ್‌ನ ಷರತ್ತೇ ಕಾನೂನು ಇದ್ದ ಹಾಗೆ. ಸಾಮಾನಿಗೆ ಕೆಲವೇ ನೂರು ಡಾಲರ್ ಮಿತಿ ಹಾಕಿರುವುದು, ಚಕ್ರ, ಹಿಡಿ, ಗೀರು, ತಗ್ಗು ಇವೆಲ್ಲ ಬಳಕೆಯಲ್ಲಿ ಆಗುವ ಸವೆತ ಅಂತ ಬಿಟ್ಟಿರುವುದು ಸಾಮಾನ್ಯ. ಕೋರ್ಟಿಗೆ ಹೋಗುವುದಾದರೆ ಫ್ಲಾರಿಡಾದಂಥ ಕಂಪನಿ ಹೇಳಿದ ಜಾಗದಲ್ಲೇ ಹೋಗಬೇಕು ಅನ್ನುವ ಷರತ್ತೂ ಇರುತ್ತದೆ. ಇಂಥ ಷರತ್ತು ನಡೆಯುತ್ತದೆ ಅಂತ 1991ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಒಂದು ಚಕ್ರಕ್ಕಾಗಿ ಯಾರು ಅಲ್ಲಿಗೆ ಹೋಗುತ್ತಾರೆ? ಹಾಗಾಗಿ ಅಮೆರಿಕದ ಕ್ರೂಸ್‌ಗಳಲ್ಲಿ ಹಡಗಿನವರಿಂದ ದುಡ್ಡು ನಿರೀಕ್ಷಿಸುವುದಕ್ಕಿಂತ ಅಲ್ಲೇ ಸಿಗುವ ನೆರವು ಕೇಳುವುದು ಲಾಭ. ಟೇಪ್, ಪಟ್ಟಿ, ಬಟ್ಟೆ ಒಗೆತ, ಹಡಗಿನ ರಿಪೇರಿ ಸಿಬ್ಬಂದಿಯಿಂದ ಒಂದು ಕೈ. ಮೆತ್ತಗೆ, ಸ್ಪಷ್ಟವಾಗಿ ಕೇಳಿದರೆ ಇವುಗಳಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ನಮ್ಮ ಹಡಗಿನಲ್ಲಿ ಒಬ್ಬ ಫಿಲಿಪೀನ್ಸ್‌ನ ಹುಡುಗ ಬಂದು, ಆ ತೂತಿಗೆ ಒಳಗಿಂದ ದಪ್ಪ ರಟ್ಟು ಕೊಟ್ಟು, ಹೊರಗಿಂದ ಬೆಳ್ಳಿ ಬಣ್ಣದ ಟೇಪನ್ನು ನಾಲ್ಕು ಸುತ್ತು ಸುತ್ತಿದ. ಬೆಂಗಳೂರಿನ ತನಕ ಅದು ಬಿಚ್ಚಲಿಲ್ಲ.

ಎರಡನೆಯ ದಾರಿ: ವಿಮಾನ ಕಂಪನಿ

ದುಡ್ಡು ಕೈಗೆ ಬರುವ ದೃಷ್ಟಿಯಿಂದ ನೋಡಿದರೆ ನಾಲ್ಕರಲ್ಲಿ ಇದೇ ಗಟ್ಟಿ ದಾರಿ. ಕಾರಣ, ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಇರುವ ಮಾಂಟ್ರಿಯಲ್ ಒಪ್ಪಂದ. 1999ರ ಈ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಚೆಕ್‌ಇನ್ ಮಾಡಿದ ಬ್ಯಾಗ್ ತಮ್ಮ ವಶದಲ್ಲಿದ್ದಾಗ ಹಾಳಾದರೆ ವಿಮಾನ ಕಂಪನಿ ಹೊಣೆ. ಬ್ಯಾಗಿನದೇ ದೋಷವಾಗಿದ್ದರೆ ಮಾತ್ರ ಅಷ್ಟರ ಮಟ್ಟಿಗೆ ತಪ್ಪಿಸಿಕೊಳ್ಳಬಹುದು. 2024ರ ಡಿಸೆಂಬರ್ 28ರಿಂದ ಮಿತಿ ಒಬ್ಬರಿಗೆ 1,519 ಎಸ್‌ಡಿಆರ್. ಅದಕ್ಕೆ ಮೊದಲು 1,288 ಇತ್ತು.

ಗಡುವು ಏಳು ದಿನ. ಬ್ಯಾಗ್ ಕೈಗೆ ಬಂದ ದಿನದಿಂದ ಏಳು ದಿನದೊಳಗೆ ಬರವಣಿಗೆಯಲ್ಲಿ ದೂರು ಹೋಗಬೇಕು. ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ. ಇಲ್ಲೇ ಕ್ರೂಸ್‌ನವರು ಸಿಕ್ಕಿಹಾಕಿಕೊಳ್ಳುವುದು. ವಿಮಾನ ಇಳಿದ ಮೇಲೆ ಏಳು ರಾತ್ರಿ ಹಡಗಿನಲ್ಲಿ ಇರುತ್ತೀರಿ. ಇಂಟರ್ನೆಟ್‌ಗೆ ದುಡ್ಡು ಕೊಡಬೇಕು ಅಂತ ಫೋನ್ ಆಫ್ ಮಾಡಿಟ್ಟಿರುತ್ತೀರಿ. ಇಳಿಯುವಷ್ಟರಲ್ಲಿ ಗಡುವು ಮುಗಿಯುತ್ತಾ ಬಂದಿರುತ್ತದೆ, ಇಲ್ಲವೇ ಮುಗಿದೇ ಹೋಗಿರುತ್ತದೆ.

ಹಾಗಾಗಿ ಏರ್‌ಪೋರ್ಟ್‌ನಲ್ಲಿ ಬೆಲ್ಟ್ ಪಕ್ಕದಲ್ಲೇ ಎರಡು ನಿಮಿಷ ನಿಲ್ಲಿ. ಬ್ಯಾಗನ್ನು ತಲೆಕೆಳಗು ಮಾಡಿ ಚಕ್ರ ನೋಡಿ, ಹಿಡಿ ಎಳೆದು ನೋಡಿ, ಜಿಪ್ ಪೂರ್ತಿ ಸುತ್ತ ಕಣ್ಣಾಡಿಸಿ. ಏನಾದರೂ ಆಗಿದ್ದರೆ ಹೊರಗೆ ಹೋಗುವ ಮೊದಲೇ ಬ್ಯಾಗೇಜ್ ಕೌಂಟರ್‌ಗೆ ಹೋಗಿ ಪಿಐಆರ್ ಬರೆಸಿ. ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್ ಅಂತ ಅದರ ಪೂರ್ತಿ ಹೆಸರು. ಅದರ ನಂಬರ್ ಇಲ್ಲದೆ ಇನ್ಶೂರೆನ್ಸ್‌ನವರೂ ಮುಂದೆ ಮಾತಾಡುವುದಿಲ್ಲ. ಹಡಗಿಗೆ ತಡವಾಗುತ್ತದೆ ಅನ್ನುವ ಆತಂಕ ನನಗೆ ಅರ್ಥವಾಗುತ್ತದೆ. ಕೌಂಟರ್‌ನಲ್ಲಿ ಸಾಲು ಉದ್ದ ಇದ್ದರೆ ಬೆಲ್ಟ್ ಹಿಂದೆ ಕಾಣುವ ಹಾಗೆ ಫೋಟೋ ತೆಗೆದು, ಟ್ಯಾಕ್ಸಿಯಲ್ಲಿ ಕೂತೇ ಕಂಪನಿಯ ವೆಬ್‌ಸೈಟ್‌ನಲ್ಲಿ ದೂರು ಹಾಕಿ. ಪಿಐಆರ್‌ನಷ್ಟು ಬಲ ಇರುವುದಿಲ್ಲ, ಆದರೆ ಗಡುವಿನೊಳಗೆ ದೂರು ಹೋಗಿರುತ್ತದೆ.

ದೇಶದೊಳಗಿನ ವಿಮಾನಕ್ಕೆ ಲೆಕ್ಕ ಬೇರೆ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಹಡಗು ಹತ್ತಲು ಬೆಂಗಳೂರಿನಿಂದ ಮುಂಬೈಗೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಅಲ್ಲಿ ಬ್ಯಾಗಿನ ಮಿತಿ ಒಬ್ಬರಿಗೆ 20,000 ರೂಪಾಯಿ. ಆದರೆ ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ರೋಮ್ ಅಂತ ಒಂದೇ ಟಿಕೆಟ್‌ನಲ್ಲಿ ಹೋಗುತ್ತಿದ್ದರೆ ದೆಹಲಿಯವರೆಗಿನ ಭಾಗವೂ ಅಂತರರಾಷ್ಟ್ರೀಯ ಪ್ರಯಾಣವೇ. ದೊಡ್ಡ ಮಿತಿಯೇ ಲಾಗು. ಬೇರೆಬೇರೆ ಟಿಕೆಟ್ ಅಗ್ಗ ಅಂತ ತೆಗೆದುಕೊಳ್ಳುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಮೆರಿಕದಲ್ಲಿ ಇನ್ನೊಂದು ಅನುಕೂಲ ಇದೆ. ಚಕ್ರ, ಹಿಡಿ, ಪಟ್ಟಿ ಮುರಿದರೆ ನಾವು ಹೊಣೆಯಲ್ಲ ಅಂತ ವಿಮಾನ ಕಂಪನಿಗಳು ಒಟ್ಟಾರೆಯಾಗಿ ಕೈ ತೊಳೆದುಕೊಳ್ಳುವಂತಿಲ್ಲ ಅಂತ ಅಲ್ಲಿನ ಸಾರಿಗೆ ಇಲಾಖೆ ಹೇಳಿದೆ. ಮಗಳ ಮನೆಯಿಂದ ಮಯಾಮಿಗೆ ಹಾರುವಾಗ ಚಕ್ರ ಹೋದರೆ, ಕೌಂಟರ್‌ನವರು ಇಲ್ಲ ಅಂದರೂ ಸುಮ್ನೆ ಬರಬೇಡಿ.

ಮೂರನೆಯ ದಾರಿ: ಟ್ರಾವೆಲ್ ಇನ್ಶೂರೆನ್ಸ್

ಇನ್ಶೂರೆನ್ಸ್ ಇದೆಯಲ್ಲ ಅನ್ನುವ ಧೈರ್ಯದಲ್ಲೇ ನಾವು ಹೊರಟಿದ್ದೆವು. ನಮ್ಮಲ್ಲಿ ಮಾರುವ ಹಲವು ಪಾಲಿಸಿಗಳಲ್ಲಿ ಚೆಕ್‌ಇನ್ ಬ್ಯಾಗ್ ಪೂರ್ತಿ ಕಳೆದುಹೋದರೆ, ಇಲ್ಲವೇ ತಡವಾಗಿ ಬಂದರೆ ಮಾತ್ರ ಹಣ. ಒಡೆದರೆ, ಹರಿದರೆ, ಒಳಗಿನದು ಹಾಳಾದರೆ ಇಲ್ಲ. ಪಾಲಿಸಿ ಕೊಳ್ಳುವಾಗ ಮೂರು ವಿಷಯ ಹುಡುಕಿ. ಬ್ಯಾಗಿನ ಹಾನಿ ಅನ್ನುವ ಮಾತು ಇದೆಯಾ? ವಶದಲ್ಲಿ ಇಟ್ಟುಕೊಂಡವರು ವಿಮಾನ ಕಂಪನಿಯೇ ಆಗಿರಬೇಕಾ, ಹಡಗೂ ಸೇರುತ್ತದಾ? ಒಂದು ವಸ್ತುವಿಗೆ ಎಷ್ಟು ಮಿತಿ?

ಎರಡನೆಯ ಪ್ರಶ್ನೆಯೇ ಕ್ರೂಸ್‌ನವರಿಗೆ ದೊಡ್ಡದು. ಕ್ರೂಸ್‌ಗೆ ಅಂತಲೇ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳುವ ಅವಕಾಶ ಕೆಲವು ಪಾಲಿಸಿಗಳಲ್ಲಿದೆ. ಏಜೆಂಟ್ ಬಾಯಲ್ಲಿ "ಎಲ್ಲ ಕವರ್ ಆಗತ್ತೆ" ಅಂದರೆ ಸಾಲದು. ಪಾಲಿಸಿಯ ಯಾವ ಪುಟದಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ.

ಹಾನಿಗೆ ರಕ್ಷಣೆ ಇರುವ ಪಾಲಿಸಿಯಲ್ಲೂ ಹಳೆಯ ಬ್ಯಾಗಿಗೆ ಸವಕಳಿ ಕಳೆಯುತ್ತಾರೆ. ನಾಲ್ಕು ವರ್ಷದ ಹಿಂದೆ ಆರು ಸಾವಿರಕ್ಕೆ ಕೊಂಡ ಬ್ಯಾಗಿಗೆ ಆರು ಸಾವಿರ ಸಿಗುವುದಿಲ್ಲ. ನಿಮ್ಮ ಪಾಲಿನ ಮೊತ್ತ ಅಂತ ಇನ್ನೊಂದಿಷ್ಟು ಹೋಗುತ್ತದೆ. ಕೊನೆಗೆ ಉಳಿಯುವುದು ನಿಮ್ಮ ಓಡಾಟಕ್ಕೆ ಸಮ ಅನ್ನಿಸಬಹುದು. ಆದರೂ ಇನ್ಶೂರೆನ್ಸ್ ಬೇಡ ಅನ್ನುವುದಿಲ್ಲ. ಹಡಗಿನಲ್ಲಿ ವೈದ್ಯರನ್ನು ನೋಡಿದರೆ ಬರುವ ಬಿಲ್‌ಗೆ ಅದು ಬೇಕೇ ಬೇಕು. ಬ್ಯಾಗಿಗಾಗಿ ಮಾತ್ರ ಅದನ್ನು ನೆಚ್ಚಬೇಡಿ.

ಕ್ಲೇಮ್ ಅನ್ಯಾಯವಾಗಿ ತಳ್ಳಿದರು ಅನ್ನಿಸಿದರೆ ದಾರಿ ಇದೆ. ಮೊದಲು ಕಂಪನಿಗೇ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ. ವಿಮಾನ ಕಂಪನಿಯ ವಿಷಯಕ್ಕೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ. ಇಲ್ಲಿನ ಏಜೆಂಟ್, ಇಲ್ಲಿನ ಕಂಪನಿ ಆದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ.

ಕಾರ್ಡ್, ವಾರಂಟಿ

ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡ್ ಜೊತೆ ಬರುವ ಬ್ಯಾಗೇಜ್ ರಕ್ಷಣೆ ಹೆಚ್ಚಾಗಿ ವಿಮಾನದಲ್ಲಿ ಕಳೆದ ಬ್ಯಾಗಿಗೆ. ಇನ್ನು ಸೂಟ್‌ಕೇಸ್ ಕಂಪನಿಯ ವಾರಂಟಿ ಕೆಟ್ಟ ತಯಾರಿಕೆಗೆ. ಸಾಗಿಸುವವರು ಒಡೆದದ್ದಕ್ಕೆ ಅಲ್ಲ ಅಂತ ವಾರಂಟಿ ಕಾರ್ಡಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಆದರೂ ಶೋರೂಮಿಗೆ ಒಮ್ಮೆ ಹೋಗಿ. ಒರಿಜಿನಲ್ ಚಕ್ರ, ಹಿಡಿ ಅವರ ಸರ್ವಿಸ್ ಸೆಂಟರ್‌ನಲ್ಲಿ ದುಡ್ಡಿಗೆ ಸಿಗುತ್ತವೆ.

ನಾಲ್ಕನೆಯ ದಾರಿ: ರಿಪೇರಿ

ನಿಜ ಹೇಳಬೇಕೆಂದರೆ ಹೆಚ್ಚಿನ ಬ್ಯಾಗ್‌ಗಳಿಗೆ ನನ್ನ ಓಟು ಇದಕ್ಕೇ. ನಮ್ಮೂರಿನ ಬ್ಯಾಗ್ ರಿಪೇರಿ ಅಂಗಡಿಗಳವರು ಮಾಡುವ ಕೆಲಸ ನೋಡಿದರೆ ಸಂತೋಷವಾಗುತ್ತದೆ. ಅಮ್ಮನ ಸೂಟ್‌ಕೇಸ್ ತೆಗೆದುಕೊಂಡು ಹೋದಾಗ ಆತ ಮೊದಲು ಉಳಿದ ಮೂರು ಚಕ್ರ ತಿರುಗಿಸಿ ಕಿವಿಗೊಟ್ಟರು. "ಇದೂ ಹೋಗೋದ್ರಲ್ಲಿದೆ" ಅಂತ ಒಂದನ್ನು ತೋರಿಸಿದರು. ಆಮೇಲೆ ಒಳಗಿನ ಲೈನಿಂಗ್‌ನ ಜಿಪ್ ತೆಗೆದು, ರಿವೆಟ್‌ಗಳ ತಲೆಯನ್ನು ಡ್ರಿಲ್‌ನಿಂದ ಕೊರೆದು ಕಿತ್ತರು. ತೂತು ಬಿದ್ದ ಮೂಲೆಗೆ ಒಳಗಿಂದ ಅಲ್ಯೂಮಿನಿಯಂ ತಗಡಿನ ತುಂಡು ಕೊಟ್ಟು, ಅದರ ಮೇಲೆ ಹೊಸ ಬಟ್ಟಲು ಕೂರಿಸಿ ರಿವೆಟ್ ಹೊಡೆದರು. ಎರಡು ಚಕ್ರ ಹೊಸದು. ಅರ್ಧ ಗಂಟೆ ಕೆಲಸ, ಒಂದು ಸಾವಿರದೊಳಗೆ ಮುಗಿಯಿತು. ಬಣ್ಣ ಹೊಂದುವುದಿಲ್ಲ, ಅಷ್ಟೇ.

ಒಂದು ಎಚ್ಚರಿಕೆ. ಕ್ಲೇಮ್ ಹಾಕಿದ್ದರೆ ಅದು ಮುಗಿಯುವವರೆಗೆ ರಿಪೇರಿ ಮಾಡಿಸಬೇಡಿ, ಹಳೆಯ ತುಂಡುಗಳನ್ನೂ ಎಸೆಯಬೇಡಿ. ಕೆಲವು ವಿಮಾನ ಕಂಪನಿಗಳು ರಿಪೇರಿ ಅಂಗಡಿಯ ಅಂದಾಜು ಕೇಳುತ್ತವೆ. ಇಲ್ಲವೇ ಇದು ರಿಪೇರಿ ಆಗುವುದಿಲ್ಲ ಅನ್ನುವ ಚೀಟಿ ಕೇಳುತ್ತವೆ. ಅಂಗಡಿಯ ಹೆಸರಿರುವ ಬಿಲ್ ಪುಸ್ತಕದಲ್ಲೇ ಬರೆಸಿಕೊಳ್ಳಿ. ಮತ್ತೆ, ಎಬಿಎಸ್ ಪ್ಲಾಸ್ಟಿಕ್‌ನ ಮೈ ಉದ್ದಕ್ಕೆ ಸೀಳಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಮುಂದಿನ ಪ್ರಯಾಣದಲ್ಲಿ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ.

ಯಾವಾಗ ಯಾವುದು

ಬೆಲ್ಟ್ ಮೇಲೇ ಒಡೆದಿರುವುದು ಕಂಡರೆ ಬೇರೆ ಯೋಚನೆ ಬೇಡ, ವಿಮಾನ ಕಂಪನಿ. ಕ್ಯಾಬಿನ್ ಬಾಗಿಲಲ್ಲಿ ಕಂಡರೆ ಆ ರಾತ್ರಿಯೇ ಹಡಗಿನ ಕೌಂಟರ್, ಬರೆದುಕೊಟ್ಟು ಅದರ ನಕಲಿಗೆ ಸಹಿ ಹಾಕಿಸಿಕೊಳ್ಳುವುದು. ಯುರೋಪಿನ ಕ್ರೂಸ್ ಆದರೆ ಪರಿಹಾರ ಕೇಳಿ, ಹಕ್ಕಿದೆ. ಅಮೆರಿಕದ್ದಾದರೆ ನೆರವು ಕೇಳಿ, ಜೊತೆಗೆ ವರದಿಯ ಪ್ರತಿ ತೆಗೆದುಕೊಂಡು ಇನ್ಶೂರೆನ್ಸ್‌ಗೆ ಕಳಿಸಿ.

ಹಳೆಯ ಬ್ಯಾಗ್, ಬರೀ ಚಕ್ರವೋ ಹಿಡಿಯೋ ಹೋಗಿದೆ ಅಂದರೆ ದೂರು ಮಾತ್ರ ದಾಖಲಿಸಿ; ಆಮೇಲೆ ಫೋನ್, ಇಮೇಲ್ ಅಂತ ವಾರಗಟ್ಟಲೆ ಅದರ ಹಿಂದೆ ಬೀಳಬೇಡಿ. ರಿಪೇರಿ ಮಾಡಿಸಿ. ಆದರೆ ಒಳಗಿನ ಸಾಮಾನು ಹಾಳಾಗಿದ್ದರೆ, ಬ್ಯಾಗ್ ಹೊಸದಾಗಿದ್ದರೆ, ವಾಕರ್‌ನಂಥ ಸಲಕರಣೆಯಾದರೆ ಬಿಡಲೇಬೇಡಿ. ಅಲ್ಲಿ ನಷ್ಟ ದೊಡ್ಡದು, ಕೇಳುವುದು ನ್ಯಾಯ.

ಇಬ್ಬರಲ್ಲಿ ಯಾರು ಒಡೆದರು ಅಂತ ಗೊತ್ತಾಗದಿದ್ದರೆ ಇಬ್ಬರಿಗೂ ಬರೆಯಿರಿ. ಆದರೆ ಎರಡೂ ಪತ್ರದಲ್ಲಿ ಒಂದೇ ಮಾತು ಇರಲಿ. "ಇಂಥ ಗಂಟೆಗೆ ಬೆಲ್ಟ್‌ನಿಂದ ಎತ್ತಿಕೊಂಡೆ, ಇಂಥ ಗಂಟೆಗೆ ಪೋರ್ಟರ್‌ಗೆ ಕೊಟ್ಟೆ, ಇಂಥ ಗಂಟೆಗೆ ಬಾಗಿಲಲ್ಲಿ ಹೀಗಿತ್ತು." ಅವರಿಗೊಂದು, ಇವರಿಗೊಂದು ಹೇಳಿದರೆ ಎರಡೂ ಕಡೆ ಕಳೆದುಕೊಳ್ಳುತ್ತೀರಿ.

ಬ್ಯಾಗ್ ಕೊಳ್ಳುವುದಾದರೆ: ಗಟ್ಟಿಯದಾ, ಬಟ್ಟೆಯದಾ?

ಅಂಗಡಿಯಲ್ಲಿ ಗಟ್ಟಿ ಸೂಟ್‌ಕೇಸ್ ಹೊಳೆಯುತ್ತಾ ನಿಂತಿರುತ್ತದೆ. ಬೆರಳಲ್ಲಿ ಒತ್ತಿ ನೋಡಿ. ಎಬಿಎಸ್ ಅಗ್ಗ, ಆದರೆ ಪೆಡಸು. ಏಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಮತ್ತು ಪಾಲಿಪ್ರೊಪಿಲೀನ್ ಒತ್ತಿದರೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತವೆ. ಜಾಲರಿ ಗಾಡಿಯಲ್ಲಿ ಹತ್ತು ಬ್ಯಾಗಿನ ಕೆಳಗೆ ಬಿದ್ದಾಗ ಬೇಕಾಗುವುದು ಆ ಗುಣ. ಮಳೆಯಲ್ಲಿ ಬಂದರಿನ ನೆಲದ ಮೇಲೆ ನಿಂತರೂ ಒಳಗೆ ಬೇಗ ನೆನೆಯುವುದಿಲ್ಲ. ಎಣ್ಣೆ, ಗಾಜು ಇಟ್ಟವರಿಗೆ ಗಟ್ಟಿಯದೇ ಮೇಲು.

ಆದರೆ ಹಡಗಿಗೆ ನಾನು ಬಟ್ಟೆಯ ಬ್ಯಾಗನ್ನೇ ಆರಿಸುತ್ತೇನೆ. ಕ್ಯಾಬಿನ್ ಚಿಕ್ಕದು. ಗಟ್ಟಿ ಸೂಟ್‌ಕೇಸ್ ಪುಸ್ತಕದ ಹಾಗೆ ಎರಡು ಕಡೆಗೂ ತೆರೆದುಕೊಳ್ಳುತ್ತದೆ, ನೆಲದ ಮೇಲೆ ಜಾಗವೇ ಇರುವುದಿಲ್ಲ. ಬಟ್ಟೆಯದು ಮೇಲಿಂದ ತೆರೆಯುತ್ತದೆ, ಒತ್ತಿ ಮಂಚದ ಕೆಳಗೆ ತಳ್ಳಬಹುದು. ಹರಿದರೂ ಯಾವ ಊರಿನಲ್ಲಾದರೂ ಹೊಲಿಯಬಹುದು. ಚಕ್ರದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ನಾಲ್ಕು ಕಡೆ ತಿರುಗುವ ಚಕ್ರ ಮೈಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಜಾಲರಿಗೆ ಸಿಕ್ಕಿ ಮುರಿಯುವುದು ಅದೇ. ಎರಡು ಚಕ್ರದ ಬ್ಯಾಗಿನಲ್ಲಿ ಚಕ್ರ ಒಳಗೆ ಅಡಗಿರುತ್ತದೆ. ಎಳೆಯಲು ಸ್ವಲ್ಪ ತೋಳು ಬೇಕು. ಅಮ್ಮನಿಗೆ ಅದು ಕಷ್ಟ ಅಂತ ನಾಲ್ಕು ಚಕ್ರದ್ದೇ ಬೇಕಾದರೆ, ಚಕ್ರದ ಬಟ್ಟಲನ್ನು ರಿವೆಟ್ ಬದಲು ಸ್ಕ್ರೂನಿಂದ ಕೂರಿಸಿರುವ ಬ್ಯಾಗ್ ನೋಡಿ. ಬಿಚ್ಚಿ ಹಾಕುವುದು ಸುಲಭ.

ಬ್ಯಾಗ್ ಸಂಜೆಯಾದರೂ ಬರಲೇ ಇಲ್ಲ ಅಂದರೆ ಗಾಬರಿಯಾಗಬೇಡಿ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್, ನೀರು ಕಾಯಿಸುವ ರಾಡ್ ಒಳಗಿದ್ದರೆ ಬೆಂಕಿಯ ಭಯಕ್ಕೆ ತಡೆದಿಡುತ್ತಾರೆ. ನೀವೇ ಹೋಗಿ ತೆರೆದು ತೋರಿಸಬೇಕಾಗುತ್ತದೆ. ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ ಅನ್ನುವುದು ಇದಕ್ಕೂ ಸೇರಿ.

ಕೊನೆಯ ರಾತ್ರಿ: ಹೊರಗಿಡುವುದಾ, ಹೊತ್ತುಕೊಂಡು ಇಳಿಯುವುದಾ?

ಕೊನೆಯ ರಾತ್ರಿ ಬಣ್ಣದ ಟ್ಯಾಗ್ ಕೊಡುತ್ತಾರೆ. ಅದನ್ನು ಕಟ್ಟಿ, ಹತ್ತು ಹನ್ನೊಂದರ ಹೊತ್ತಿಗೆ ಬ್ಯಾಗ್ ಬಾಗಿಲ ಹೊರಗಿಡಬೇಕು. ಬೆಳಗ್ಗೆ ಟರ್ಮಿನಲ್ ಹಾಲ್‌ನಲ್ಲಿ ಆ ಬಣ್ಣದ ಸಾಲಿನಲ್ಲಿ ಸಿಗುತ್ತದೆ. ಬೇಡ ಅಂದರೆ ನೀವೇ ಎಳೆದುಕೊಂಡು ಇಳಿಯಬಹುದು. ಹಾಗೆ ಇಳಿಯುವವರನ್ನು ಮೊದಲು ಬಿಡುತ್ತಾರೆ. ಬ್ಯಾಗ್ ಉಳಿಸುವ ದೃಷ್ಟಿಯಿಂದ ಎರಡನೆಯದು ಉತ್ತಮ, ಒಂದು ಸುತ್ತು ಎಸೆತ ತಪ್ಪುತ್ತದೆ. ಆದರೆ ಲಿಫ್ಟ್ ಮುಂದೆ ಜನಜಂಗುಳಿ, ಇಳಿಜಾರಿನ ದಾರಿ, ಸಹಾಯಕ್ಕೆ ಯಾರೂ ಇಲ್ಲ. ಮಂಡಿನೋವು ಇರುವವರು ಜೊತೆಗಿದ್ದರೆ ಹೊರಗಿಟ್ಟುಬಿಡಿ. ನಾವು ಈಗ ಮಧ್ಯದ ದಾರಿ ಹಿಡಿದಿದ್ದೇವೆ. ದೊಡ್ಡ ಬ್ಯಾಗ್ ಹೊರಗೆ, ಒಡೆಯುವಂಥದ್ದೆಲ್ಲ ಚಿಕ್ಕ ಬ್ಯಾಗಿನಲ್ಲಿ ನಮ್ಮ ಕೈಯಲ್ಲಿ. ಹಾಲ್‌ನಲ್ಲಿ ಬ್ಯಾಗ್ ಸಿಕ್ಕ ತಕ್ಷಣ, ಕಸ್ಟಮ್ಸ್ ದಾಟುವ ಮೊದಲು, ಚಕ್ರ ಮತ್ತು ಜಿಪ್ ನೋಡಿಬಿಡಿ. ಹೊರಗೆ ಬಸ್ಸು ಕಾಯುತ್ತಿದ್ದರೂ ಸರಿ.

ಫೋಟೋ ನಾಲ್ಕು ಕಡೆ ತೆಗೆಯುತ್ತೇವೆ. ಮನೆಯಲ್ಲಿ ತುಂಬುವಾಗ ಒಳಗಿನದು, ಬೆಲ್ಟ್ ಪಕ್ಕದಲ್ಲಿ, ಪೋರ್ಟರ್‌ಗೆ ಕೊಡುವಾಗ ಟ್ಯಾಗ್ ಸಮೇತ, ಕ್ಯಾಬಿನ್ ಬಾಗಿಲಲ್ಲಿ. ಪ್ರತಿ ಸಲವೂ ನಾಲ್ಕು ಚಕ್ರ ಕಾಣಬೇಕು. ಈಗ ಅಮ್ಮನೇ ನೆನಪಿಸುತ್ತಾರೆ, ಬ್ಯಾಗ್ ಮಲಗಿಸಿ "ತಗೊಳ್ಳೋ ಫೋಟೋ" ಅಂತ.

ಇದನ್ನು ಓದುವಾಗಲೇ ನಿಮ್ಮ ಬ್ಯಾಗ್ ಒಡೆದು ಮೂಲೆಯಲ್ಲಿ ಬಿದ್ದಿದ್ದರೆ, ಮೊದಲು ಟಿಕೆಟ್ ತೆಗೆದು ದಿನಾಂಕ ನೋಡಿ. ವಿಮಾನದಿಂದ ಬ್ಯಾಗ್ ಕೈಗೆ ಬಂದು ಏಳು ದಿನ ಆಗಿಲ್ಲವಾದರೆ ಇವತ್ತೇ ವಿಮಾನ ಕಂಪನಿಗೆ ಇಮೇಲ್ ಹಾಕಿ. ಯುರೋಪಿನ ಕ್ರೂಸ್ ಮುಗಿದು 15 ದಿನ ಆಗಿಲ್ಲ, ಹೊರಗೆ ಕಾಣದ ಹಾನಿ ಈಗ ಗೊತ್ತಾಯಿತು ಅಂದರೆ ಹಡಗಿನ ಕಂಪನಿಗೂ ಹಾಕಿ. ಬೋರ್ಡಿಂಗ್ ಪಾಸ್, ಬ್ಯಾಗ್ ಚೀಟಿ, ಕ್ಯಾಬಿನ್ ನಂಬರ್, ಕೊಂಡ ಬಿಲ್, ಫೋಟೋ ಜೊತೆಗಿರಲಿ. ಬಿಲ್ ಹುಡುಕುತ್ತಾ ತಡ ಮಾಡಬೇಡಿ, ಅದನ್ನು ಆಮೇಲೂ ಕಳಿಸಬಹುದು.